ಸಂಚಾರ ಪೊಲೀಸರು ವಾಹನ ತಡೆದಾಗ: ಅವರ ಅಧಿಕಾರ, ಅದರ ಎಲ್ಲೆ ಮತ್ತು ಸವಾರರು ನಡೆದುಕೊಳ್ಳಬೇಕಾದ ರೀತಿ

ಕರ್ನಾಟಕದ ಬಹುಪಾಲು ಜನ ಜೀವಮಾನದಲ್ಲಿ ಒಮ್ಮೆಯೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಅವರಿಗೆ ಪೊಲೀಸ್ ಇಲಾಖೆಯ ಪರಿಚಯವಾಗುವುದು ವೃತ್ತದ ಪಕ್ಕದಲ್ಲಿ, ಮೇಲ್ಸೇತುವೆ ಇಳಿಯುವ ತಿರುವಿನಲ್ಲಿ, ಬಿಳಿ ಅಂಗಿ ತೊಟ್ಟ ಸಿಬ್ಬಂದಿಯೊಬ್ಬರು ಕೈ ಅಡ್ಡ ಹಿಡಿದು ಗಾಡಿಯನ್ನು ಬದಿಗೆ ಹಾಕಿಸುವ ಆ ಕೆಲವು ನಿಮಿಷಗಳಲ್ಲಿ. ಆ ಹೊತ್ತಿನಲ್ಲಿ ಸಿಕ್ಕ ಅನುಭವವೇ ಮನೆಯವರೊಡನೆ, ಗೆಳೆಯರೊಡನೆ ಮಾತಾಗಿ ಹರಡಿ, ಕಳ್ಳತನವಾದಾಗ ದೂರು ಕೊಡಬೇಕೇ, ಅಪಘಾತ ಕಂಡಾಗ ಸಾಕ್ಷಿ ಹೇಳಬೇಕೇ ಎಂಬ ನಿರ್ಧಾರಗಳನ್ನೂ ಪ್ರಭಾವಿಸುತ್ತದೆ. ಆದ್ದರಿಂದ ತಡೆಯುವವರ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಇಬ್ಬರಿಗೂ ಸ್ಪಷ್ಟವಾಗಿ ಗೊತ್ತಿರಬೇಕು. ಎಲ್ಲೆ ಗೊತ್ತಿರುವ ಸವಾರರು ಹೆದರಿ ಓಡುವುದಿಲ್ಲ, ಎಲ್ಲೆಯೊಳಗೆ ನಿಲ್ಲುವ ಅಧಿಕಾರಿಗೆ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

ಈ ತಿಳಿವಳಿಕೆಯ ಕೊರತೆಗೆ ತೆರಬೇಕಾದ ಬೆಲೆ ಎಷ್ಟು ದೊಡ್ಡದು ಎಂಬುದನ್ನು ಮಂಡ್ಯ ಕಂಡಿದೆ. 2025ರ ಮೇ 26ರಂದು ನಾಯಿ ಕಚ್ಚಿದ ಪುಟ್ಟ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಹೆತ್ತವರ ಬೈಕನ್ನು ಹೆಲ್ಮೆಟ್ ತಪಾಸಣೆಯ ವೇಳೆ ತಡೆದಾಗ, ಮಗು ರಸ್ತೆಗೆ ಬಿದ್ದು ವಾಹನದಡಿ ಸಿಲುಕಿ ಪ್ರಾಣ ಕಳೆದುಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಬಳಿಕ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಎಂ.ಎ. ಸಲೀಂ ಅವರು ಹೊರಡಿಸಿದ ಸೂಚನೆಗಳು ಇಂದು ಪ್ರತಿಯೊಬ್ಬ ಸವಾರರಿಗೂ ತಿಳಿದಿರಬೇಕು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ವಾಹನ ನಿಲ್ಲಿಸಬಾರದು, ಓಡುತ್ತಿರುವ ವಾಹನಕ್ಕೆ ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಹಿಡಿದು ಎಳೆಯಬಾರದು, ಹೆದ್ದಾರಿಯಲ್ಲಿ ಅಂಕುಡೊಂಕಾಗಿ ಬ್ಯಾರಿಕೇಡ್ ಇಟ್ಟು ವಾಹನ ತಡೆಯಬಾರದು. ಇದರಲ್ಲಿ ಮೊದಲನೆಯ ಮಾತು ಹೊಸದಲ್ಲ. 2022ರ ಜೂನ್‌ನಲ್ಲಿಯೇ ಅಂದಿನ ಡಿಜಿಪಿ ಪ್ರವೀಣ್ ಸೂದ್ ಅವರು, ಬರಿಗಣ್ಣಿಗೆ ಕಾಣುವ ಉಲ್ಲಂಘನೆ ಇದ್ದರೆ ಮಾತ್ರ ವಾಹನ ತಡೆಯಬೇಕು, ಕುಡಿದು ವಾಹನ ಓಡಿಸುವವರ ತಪಾಸಣೆಯೊಂದೇ ಇದಕ್ಕೆ ಹೊರತು ಎಂದು ಹೇಳಿದ್ದರು. ಒಂದೇ ಸೂಚನೆಯನ್ನು ಮೂರು ವರ್ಷಗಳಲ್ಲಿ ಎರಡು ಸಲ ಹೊರಡಿಸಬೇಕಾಯಿತು ಎಂಬುದು, ಮೇಲಿನ ಆದೇಶ ವೃತ್ತದವರೆಗೆ ತಲುಪುವುದು ಎಷ್ಟು ಕಷ್ಟ ಎಂಬುದನ್ನು ತೋರಿಸುತ್ತದೆ.

ಒಂದು ವಿಷಯವನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಮೇಲಿನವು ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟ ಆದೇಶಗಳು. ಅವನ್ನು ಮೀರಿದ ಸಿಬ್ಬಂದಿಯ ಮೇಲೆ ಇಲಾಖಾ ಕ್ರಮವಾಗಬಹುದು, ಆದರೆ ಅದೇ ಕಾರಣಕ್ಕೆ ನೀವು ನಿಲ್ಲದೆ ಹೋಗಲು ಅನುಮತಿ ಸಿಕ್ಕಿದಂತಾಗುವುದಿಲ್ಲ. ನಿಲ್ಲುವ ಕರ್ತವ್ಯ ಬರುವುದು 1988ರ ಮೋಟಾರು ವಾಹನ ಕಾಯ್ದೆಯಿಂದ.

ಕೈ ಅಡ್ಡ ಬಂದಾಗ

ಸಮವಸ್ತ್ರದಲ್ಲಿರುವ ಪೊಲೀಸರು ನಿಲ್ಲಿಸಲು ಹೇಳಿದರೆ ನಿಲ್ಲಿಸಿ. ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಪೊಲೀಸರ ನಿರ್ದೇಶನವನ್ನು ಪಾಲಿಸಬೇಕೆಂದು ಕಾಯ್ದೆಯ 119ನೇ ಕಲಂ ಹೇಳುತ್ತದೆ. ಅಧಿಕಾರಿಯ ಕಾನೂನುಬದ್ಧ ಆದೇಶವನ್ನು ಧಿಕ್ಕರಿಸಿದರೆ 179ನೇ ಕಲಂ ಅಡಿ 2,000 ರೂಪಾಯಿಯವರೆಗೆ ದಂಡವಿದೆ. ಆದರೆ ನಿಲ್ಲಿಸುವುದೆಂದರೆ ಇದ್ದಲ್ಲೇ ಬ್ರೇಕ್ ಒತ್ತುವುದಲ್ಲ. ಕನ್ನಡಿಯಲ್ಲಿ ಹಿಂದೆ ಬರುವ ವಾಹನಗಳನ್ನು ನೋಡಿಕೊಂಡು, ಇಂಡಿಕೇಟರ್ ಹಾಕಿ, ವೇಗ ತಗ್ಗಿಸುತ್ತ ಎಡಬದಿಗೆ ಬನ್ನಿ. ಹತ್ತಿಪ್ಪತ್ತು ಅಡಿ ಮುಂದೆ ಹೋಗಿ ನಿಂತರೂ ತಪ್ಪಿಲ್ಲ, ನೀವು ನಿಲ್ಲುತ್ತಿದ್ದೀರಿ ಎಂಬುದು ಅವರಿಗೆ ಕಂಡರೆ ಸಾಕು. ಎಂಜಿನ್ ನೀವೇ ಆರಿಸಿ. ಕೀ ಕಿತ್ತುಕೊಳ್ಳುವ ಪ್ರಸಂಗವೇ ಬಹುಪಾಲು ಅಲ್ಲಿಗೆ ತಪ್ಪುತ್ತದೆ. ಹಿಂಬದಿಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಮೊದಲು ಅವರನ್ನು ರಸ್ತೆಯ ಅಂಚಿಗೆ ಇಳಿಸಿ, ಮಾತು ಆಮೇಲೆ ಆಡಿ. ಆಸ್ಪತ್ರೆಗೆ ಹೋಗುತ್ತಿದ್ದರೆ ಮೊದಲ ವಾಕ್ಯದಲ್ಲಿಯೇ ಅದನ್ನು ಹೇಳಿ: "ಸರ್, ಮಗುವಿಗೆ ಹುಷಾರಿಲ್ಲ, ಆಸ್ಪತ್ರೆಗೆ ಹೋಗುತ್ತಿದ್ದೇವೆ, ಗಾಡಿ ನಂಬರ್ ಬರೆದುಕೊಳ್ಳಿ." ನೋಂದಣಿ ಸಂಖ್ಯೆಯ ಮೇಲೆ ಪ್ರಕರಣ ದಾಖಲಿಸಿ ನೋಟಿಸ್ ಕಳಿಸುವ ವ್ಯವಸ್ಥೆ ಇರುವಾಗ, ತುರ್ತಿನಲ್ಲಿರುವವರನ್ನು ರಸ್ತೆಯಲ್ಲಿ ಹಿಡಿದು ನಿಲ್ಲಿಸಿಕೊಳ್ಳಲು ಯಾವ ಸಮರ್ಥನೆಯೂ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಎದುರಿಗಿರುವವರು ಯಾರೆಂಬುದನ್ನು ಗಮನಿಸಿ. ಲೈಸೆನ್ಸ್ ಕೇಳುವ ಅಧಿಕಾರವನ್ನು 130ನೇ ಕಲಂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಕೊಟ್ಟಿದೆ. ಎದೆಯ ಮೇಲಿನ ಹೆಸರಿನ ಪಟ್ಟಿ ಕಾಣದಿದ್ದರೆ ಹೆಸರು ಮತ್ತು ಠಾಣೆಯನ್ನು ವಿನಯದಿಂದ ಕೇಳಬಹುದು. ಗೃಹರಕ್ಷಕರು ಮತ್ತು ಸ್ವಯಂಸೇವಕ ವಾರ್ಡನ್‌ಗಳು ಸಂಚಾರ ನಿಯಂತ್ರಣಕ್ಕೆ ನೆರವಾಗಲು ಇರುವವರು. ದಂಡ ವಸೂಲಿ ಅವರ ಕೆಲಸವಲ್ಲ.

ದಾಖಲೆಗಳು

ಚಾಲನಾ ಪರವಾನಗಿ, ಆರ್‌ಸಿ, ವಿಮೆ, ಎಮಿಷನ್ ಪ್ರಮಾಣಪತ್ರ ಇವಿಷ್ಟು ಸಾಮಾನ್ಯವಾಗಿ ವಾಹನಗಳಿಗೆ ಬೇಕು. ಆಟೋ, ಟ್ಯಾಕ್ಸಿ, ಸರಕು ವಾಹನಗಳಿಗೆ ಇವುಗಳ ಜೊತೆಗೆ ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಮತ್ತು ಪರ್ಮಿಟ್ ಇರಬೇಕು. ಮೂಲ ಪ್ರತಿಯನ್ನೇ ಹಿಡಿದು ತಿರುಗಬೇಕೆಂಬ ಕಾಲ ಮುಗಿದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರಲ್ಲಿ ತಂದ ತಿದ್ದುಪಡಿಯಿಂದ ವಿದ್ಯುನ್ಮಾನ ರೂಪದ ದಾಖಲೆಗಳಿಗೂ ಮಾನ್ಯತೆ ಸಿಕ್ಕಿತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಬದಲಾವಣೆಯ ಪ್ರಕಾರ, ಜಾಲದಲ್ಲಿ ಪರಿಶೀಲಿಸಿ ಖಚಿತಪಡಿಸಿಕೊಂಡ ದಾಖಲೆಯನ್ನು ಮತ್ತೆ ಕಾಗದದಲ್ಲಿ ಕೇಳುವಂತಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿ; ಗ್ಯಾಲರಿಯಲ್ಲಿರುವ ಫೋಟೋಗೆ ಈ ಮಾನ್ಯತೆ ಇಲ್ಲ. ಫೋನ್ ನಿಮ್ಮ ಕೈಯಲ್ಲೇ ಇರಲಿ, ಪರದೆಯನ್ನು ಅವರತ್ತ ತಿರುಗಿಸಿದರೆ ಸಾಕು.

ಹಲವರಿಗೆ ಗೊತ್ತಿಲ್ಲದ ಇನ್ನೊಂದು ಅವಕಾಶ ಅದೇ 139ನೇ ನಿಯಮದಲ್ಲಿದೆ. ದಾಖಲೆ ಆ ಹೊತ್ತಿಗೆ ಕೈಯಲ್ಲಿ ಇಲ್ಲದಿದ್ದರೆ, ಕೇಳಿದ ಅಧಿಕಾರಿಗೆ 15 ದಿನಗಳೊಳಗೆ ದೃಢೀಕೃತ ಪ್ರತಿಯನ್ನು ಖುದ್ದಾಗಿ ಒಪ್ಪಿಸಬಹುದು ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಬಹುದು. ಇದು ಮನೆಯಲ್ಲಿ ಮರೆತು ಬಂದವರಿಗೆ ಇರುವ ದಾರಿ. ಲೈಸೆನ್ಸನ್ನೇ ಪಡೆಯದವರಿಗೆ, ವಿಮೆಯ ಅವಧಿ ಮುಗಿದವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಆ ಎರಡೂ ಪ್ರತ್ಯೇಕ ಅಪರಾಧಗಳು, ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದ ಚಾಲನೆಗೆ 5,000 ರೂಪಾಯಿ, ವಿಮೆ ಇಲ್ಲದ್ದಕ್ಕೆ ಮೊದಲ ಸಲ 2,000 ರೂಪಾಯಿ ದಂಡವಿದ್ದು ಜೈಲಿಗೂ ಅವಕಾಶವಿದೆ.

ಕೀ, ಲೈಸೆನ್ಸ್, ವಾಹನ

ರಸ್ತೆಯಲ್ಲಿ ಮಾತು ಬೆಳೆಯುವುದು ಹೆಚ್ಚಾಗಿ ಈ ಮೂರರ ಸುತ್ತಲೇ, ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ. ಕೀ ಕಿತ್ತುಕೊಳ್ಳುವ ಅಥವಾ ಚಕ್ರದ ಗಾಳಿ ಬಿಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ ಯಾರಿಗೂ ಕೊಟ್ಟಿಲ್ಲ. ಹಾಗೆಂದು ಕೀಗಾಗಿ ಕೈ ಕೈ ಮಿಲಾಯಿಸಬೇಡಿ. "ಸರ್, ಕೀ ವಾಪಸ್ ಕೊಡಿ, ನಾನು ಎಲ್ಲಿಗೂ ಹೋಗುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿ, ಕೊಡದಿದ್ದರೆ ಸಮಯ, ಸ್ಥಳ, ಹೆಸರು ಬರೆದಿಟ್ಟುಕೊಳ್ಳಿ. ನ್ಯಾಯ ನಿಮ್ಮ ಕಡೆ ಇರುವಾಗ ಸಿಬ್ಬಂದಿಯ ಮೈಮುಟ್ಟಿದರೆ, ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಅಡಿ, ಅಂದರೆ ಕರ್ತವ್ಯನಿರತ ಸರ್ಕಾರಿ ನೌಕರರ ಮೇಲೆ ಬಲಪ್ರಯೋಗ ಮಾಡಿದ ಆರೋಪದಲ್ಲಿ, ನೀವೇ ಆರೋಪಿಯಾಗುತ್ತೀರಿ.

ಲೈಸೆನ್ಸ್ ವಶಪಡಿಸಿಕೊಳ್ಳುವ ಅಧಿಕಾರ 206ನೇ ಕಲಂನಲ್ಲಿದೆ, ಆದರೆ ಮನಬಂದಂತೆ ಬಳಸಲು ಬರುವುದಿಲ್ಲ. ದಾಖಲೆ ನಕಲಿ ಎಂದು ನಂಬಲು ಕಾರಣವಿರಬೇಕು, ಇಲ್ಲವೇ ಚಾಲಕರು ಸಮನ್ಸ್ ತಪ್ಪಿಸಿಕೊಂಡು ಓಡಿಹೋಗಬಹುದೆಂದು ನಂಬಲು ಕಾರಣವಿರಬೇಕು. ಎರಡನೆಯ ಸಂದರ್ಭದಲ್ಲಿ ಅಧಿಕಾರಿ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ಲೈಸೆನ್ಸ್ ಹಿಂದಿರುಗುವವರೆಗೆ ಆ ಚೀಟಿಯೇ ನಿಮ್ಮ ಲೈಸೆನ್ಸ್. 2019ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಸೇರಿಸಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಚಾಲನೆ, ರೇಸಿಂಗ್, ತ್ರಿಬಲ್ ರೈಡಿಂಗ್, ಹೆಲ್ಮೆಟ್ ಇಲ್ಲದಿರುವುದು, ಆಂಬುಲೆನ್ಸ್‌ಗೆ ದಾರಿ ಬಿಡದಿರುವುದು ಮೊದಲಾದ ಅಪರಾಧಗಳಲ್ಲಿ ಲೈಸೆನ್ಸನ್ನು ವಶಪಡಿಸಿಕೊಂಡು, ಅನರ್ಹಗೊಳಿಸುವ ಪ್ರಕ್ರಿಯೆಗಾಗಿ ಆರ್‌ಟಿಒಗೆ ಕಳಿಸಬಹುದು. ಈ ಸಂದರ್ಭದಲ್ಲಿ ಕೊಡುವ ಸ್ವೀಕೃತಿ ಪತ್ರ ವಾಹನ ಓಡಿಸಲು ಅನುಮತಿಯಾಗುವುದಿಲ್ಲ. ಎರಡು ಬಗೆಯ ಚೀಟಿಗಳ ನಡುವಿನ ಈ ವ್ಯತ್ಯಾಸ ನೆನಪಿರಲಿ, ಯಾವ ಕಲಂ ಅಡಿ ತೆಗೆದುಕೊಂಡಿದ್ದಾರೆ ಎಂಬುದನ್ನು ಚೀಟಿಯಲ್ಲಿ ಓದಿಯೇ ಹೊರಡಿ.

ಇಡೀ ವಾಹನವನ್ನೇ ವಶಕ್ಕೆ ತೆಗೆದುಕೊಳ್ಳುವುದು 207ನೇ ಕಲಂನ ವಿಷಯ. ಅದು ಹೆಸರಿಸುವ ಕಾರಣಗಳು ಕೆಲವೇ: ಚಾಲಕರಿಗೆ ಲೈಸೆನ್ಸ್ ಇಲ್ಲದಿರುವುದು ಅಥವಾ ವಯಸ್ಸು ಸಾಲದಿರುವುದು, ವಾಹನಕ್ಕೆ ನೋಂದಣಿ ಇಲ್ಲದಿರುವುದು, ಪರ್ಮಿಟ್ ಇಲ್ಲದೆ ಅಥವಾ ಅದರ ಷರತ್ತು ಮೀರಿ ಓಡಿಸುವುದು. ಹೆಲ್ಮೆಟ್ ಹಾಕಿಲ್ಲ, ಸ್ಥಳದಲ್ಲೇ ದಂಡ ಕಟ್ಟಲು ದುಡ್ಡಿಲ್ಲ ಎಂಬ ಕಾರಣಕ್ಕೆ ಗಾಡಿಯನ್ನು ಠಾಣೆಗೆ ಒಯ್ಯಲು ಈ ಕಲಂ ಅವಕಾಶ ಕೊಡುವುದಿಲ್ಲ. ದಿನದ ದುಡಿಮೆಗೆ ಬೈಕನ್ನೇ ನಂಬಿರುವ ಡೆಲಿವರಿ ಹುಡುಗರಿಗೆ, ಆಟೋ ಚಾಲಕರಿಗೆ ಈ ಎಲ್ಲೆ ಎಲ್ಲರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ಗಾಡಿ ಠಾಣೆಯಲ್ಲಿ ನಿಂತ ಪ್ರತಿದಿನವೂ ಅವರ ಪಾಲಿಗೆ ಗಳಿಕೆ ತಪ್ಪಿದ ದಿನ.

ಕುಡಿತದ ತಪಾಸಣೆ

ರಾತ್ರಿಯ ನಾಕಾಬಂದಿಯಲ್ಲಿ ಊದಲು ಹೇಳಿದರೆ ಊದಿ. ಕುಡಿದಿರಬಹುದೆಂಬ ಸಕಾರಣ ಅನುಮಾನ ಇದ್ದಾಗ ಉಸಿರಿನ ಪರೀಕ್ಷೆ ಮಾಡುವ ಅಧಿಕಾರ 203ನೇ ಕಲಂನಲ್ಲಿದೆ, ನಿರಾಕರಣೆಯನ್ನು ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸಬಹುದು. ಕೊಳವೆ ಹೊಸದಾಗಿರಲಿ ಎಂದು ಕೇಳುವುದು, ಯಂತ್ರ ತೋರಿಸಿದ ಅಂಕಿಯನ್ನು ನೋಡಲು ಬಯಸುವುದು ಎರಡೂ ನ್ಯಾಯವಾದ ಕೋರಿಕೆಗಳು. ಮಿತಿ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅದನ್ನು ಮೀರಿದರೆ ವಾರೆಂಟ್ ಇಲ್ಲದೆ ಬಂಧಿಸಬಹುದು. ಆದರೆ 202ನೇ ಕಲಂ ಪ್ರಕಾರ, ಹಾಗೆ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಡುಗಡೆ ಮಾಡಬೇಕು.

ಕುಡಿದು ವಾಹನ ಓಡಿಸಿದ ಪ್ರಕರಣವನ್ನು ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಮುಗಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಅದು ನ್ಯಾಯಾಲಯಕ್ಕೇ ಹೋಗಬೇಕು. ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಹಾಗಾಗಿ ಈ ಪ್ರಕರಣದಲ್ಲಿ ರಸ್ತೆಯಲ್ಲಿ ಯಾರಾದರೂ ಹಣ ಕೇಳಿದರೆ ಅದು ಸರ್ಕಾರಕ್ಕೆ ಸೇರುವ ಹಣವಲ್ಲ ಎಂಬುದರಲ್ಲಿ ಸಂದೇಹ ಬೇಡ.

ಶೋಧ ಮತ್ತು ಫೋನ್

ಸಂಚಾರ ಉಲ್ಲಂಘನೆಗೆ ತಡೆದ ಮಾತ್ರಕ್ಕೆ ಡಿಕ್ಕಿ ತೆಗೆಸಿ, ಚೀಲ ಸುರುವಿ ನೋಡುವ ಅಧಿಕಾರ ತಾನಾಗಿ ಹುಟ್ಟುವುದಿಲ್ಲ. ಮಾದಕವಸ್ತು, ಅಕ್ರಮ ಮದ್ಯ, ಕಳವು ಮಾಲು ಇಂಥವುಗಳ ಬಗ್ಗೆ ಕಾರಣಸಹಿತ ಅನುಮಾನ ಇರಬೇಕು, ಅದಕ್ಕೆ ಸಂಬಂಧಿಸಿದ ಕಾನೂನಿನ ಅಡಿಯಲ್ಲಿ ಶೋಧ ನಡೆಯಬೇಕು. ಮಾದಕವಸ್ತು ಕಾಯ್ದೆಯ ಅಡಿ ನಿಮ್ಮ ಮೈ ಮೇಲೆ ಶೋಧ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿ ಎಂದು ಕೇಳುವ ಹಕ್ಕು 50ನೇ ಕಲಂನಲ್ಲಿದೆ. ಮಹಿಳೆಯರ ಮೈ ಶೋಧವನ್ನು ಮಹಿಳೆಯರೇ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ವಶಪಡಿಸುವಿಕೆಯ ಧ್ವನಿ-ದೃಶ್ಯ ಮುದ್ರಣವನ್ನು ಕಡ್ಡಾಯಗೊಳಿಸಿದೆ. "ಶೋಧವನ್ನು ರೆಕಾರ್ಡ್ ಮಾಡುತ್ತಿದ್ದೀರಾ ಸರ್?" ಎಂಬ ಒಂದು ಪ್ರಶ್ನೆ ನಿಮಗೂ ಪ್ರಾಮಾಣಿಕ ಅಧಿಕಾರಿಗೂ ರಕ್ಷಣೆ ಕೊಡುತ್ತದೆ.

ಫೋನಿನ ವಿಷಯ ಇನ್ನೂ ಗಂಭೀರ. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಪೊಲೀಸರು ದಾರಿಹೋಕರನ್ನು ನಿಲ್ಲಿಸಿ, ವಾಟ್ಸ್‌ಆ್ಯಪ್ ತೆಗೆಸಿ ಗಾಂಜಾ ಎಂಬ ಪದ ಹುಡುಕುತ್ತಿದ್ದ ದೃಶ್ಯಗಳು ಹರಿದಾಡಿದ್ದವು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ತೀರ್ಪಿಗೆ ಕಾರಣರಾದ ಅರ್ಜಿದಾರರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಫೋನ್ ಶೋಧಕ್ಕೆ ಸಾಮಾನ್ಯವಾಗಿ ವಾರೆಂಟ್ ಬೇಕು, ತುರ್ತಿದ್ದರೆ ಕಾರಣಗಳನ್ನು ಬರೆದು ದಾಖಲಿಸಬೇಕು ಎಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮದೇ ಹೈಕೋರ್ಟ್ 2021ರಲ್ಲಿ ಹೇಳಿದೆ. ಹೀಗಿರುವಾಗ ಸಿಗ್ನಲ್ ದಾಟಿದ್ದಕ್ಕೆ ತಡೆದವರು ಫೋನಿನ ಲಾಕ್ ತೆಗೆಯಲು ಹೇಳಿದರೆ, "ವಾರೆಂಟ್ ಇದ್ದರೆ ತೋರಿಸಿ ಸರ್, ಇಲ್ಲದಿದ್ದರೆ ತೆಗೆಯುವುದಿಲ್ಲ" ಎಂದು ಶಾಂತವಾಗಿ ಹೇಳಬಹುದು.

ಸಾರ್ವಜನಿಕ ರಸ್ತೆಯಲ್ಲಿ ನಡೆಯುವ ತಪಾಸಣೆಯನ್ನು ನೀವು ಚಿತ್ರೀಕರಿಸಲು ಕಾನೂನಿನ ನಿಷೇಧವಿಲ್ಲ. ಕ್ಯಾಮೆರಾವನ್ನು ಅವರ ಮುಖಕ್ಕೆ ಒಡ್ಡದೆ, ದೂರದಲ್ಲಿ ನಿಂತು, ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಮಾಡಿ. ಅಡ್ಡಿಪಡಿಸಿದರೆ ಅದು ಬೇರೆಯೇ ಅಪರಾಧವಾಗುತ್ತದೆ.

ದಂಡ ಕಟ್ಟುವುದು, ಕಟ್ಟದಿರುವುದು

ಸ್ಥಳದಲ್ಲಿ ದಂಡ ಕಟ್ಟುವುದೆಂದರೆ 200ನೇ ಕಲಂ ಅಡಿ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿಕೊಳ್ಳುವುದು. ಇದು ನಿಮ್ಮ ಒಪ್ಪಿಗೆಯಿಂದ ಆಗುವ ಕೆಲಸ, ಅದನ್ನು ಮಾಡಲು ಸರ್ಕಾರದ ಅಧಿಸೂಚನೆಯಲ್ಲಿ ಹೆಸರಿಸಿದ ದರ್ಜೆಯ ಅಧಿಕಾರಿಗೆ ಮಾತ್ರ ಅಧಿಕಾರ. ತಪ್ಪು ಮಾಡಿದ್ದರೆ ಒಪ್ಪಿ ಕಟ್ಟುವುದು ಸುಲಭದ ದಾರಿ. ಕಾಯ್ದೆಯಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ಇದ್ದರೂ ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು 500ಕ್ಕೆ ಇಳಿಸಿದೆ. ತಪ್ಪು ಮಾಡಿಲ್ಲ ಎಂಬ ಖಾತ್ರಿಯಿದ್ದರೆ "ನಾನು ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ, ನೋಟಿಸ್ ಕೊಡಿ" ಎನ್ನುವ ಹಕ್ಕು ನಿಮಗಿದೆ. ಕಟ್ಟಿದರೆ ಯಂತ್ರದಿಂದ ಬಂದ ರಸೀದಿ ಪಡೆಯಿರಿ, ಅದರಲ್ಲಿ ವಾಹನ ಸಂಖ್ಯೆ, ಅಪರಾಧ, ಮೊತ್ತ ಮೂರನ್ನೂ ಓದಿ. ಹಳೆಯ ಬಾಕಿ ದಂಡವನ್ನು ಅಲ್ಲೇ ಕಟ್ಟಬೇಕೆಂದೇನಿಲ್ಲ. ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕಟ್ಟಬಹುದು. ಕ್ಯಾಮೆರಾ ಹಿಡಿದ ಉಲ್ಲಂಘನೆಯ ನೋಟಿಸನ್ನು 15 ದಿನಗಳೊಳಗೆ ಕಳಿಸಬೇಕೆಂದು 2021ರಲ್ಲಿ ಸೇರಿಸಿದ 167ಎ ನಿಯಮ ಹೇಳುತ್ತದೆ, ಹಾಗಾಗಿ ತಿಂಗಳಿಗೊಮ್ಮೆಯಾದರೂ ನಿಮ್ಮ ವಾಹನದ ಹೆಸರಿನಲ್ಲಿ ಏನು ಬಾಕಿಯಿದೆ ಎಂದು ನೋಡಿಕೊಳ್ಳಿ.

ತಡೆಯುವವರ ಕಡೆಯಿಂದ

ಈ ಭಾಗ ಸಮವಸ್ತ್ರದಲ್ಲಿರುವ ಓದುಗರಿಗೆ. ದಿನವಿಡೀ ಹೊಗೆ, ಬಿಸಿಲು, ಹಾರ್ನ್‌ಗಳ ನಡುವೆ ನಿಂತು ದುಡಿಯುವವರ ಕಷ್ಟವನ್ನು ಕಡೆಗಣಿಸಿ ಉಪದೇಶ ಮಾಡುವುದು ನ್ಯಾಯವಲ್ಲ. ಆದರೂ ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ನಡೆದ ಅಧ್ಯಯನಗಳು ಹೇಳುವ ಮಾತು ಉಪಯುಕ್ತವಾಗಿದೆ. ದಂಡ ಬಿತ್ತೋ ಇಲ್ಲವೋ ಎಂಬುದಕ್ಕಿಂತ, ತನ್ನ ಮಾತು ಕೇಳಿದರೇ, ಗೌರವದಿಂದ ಮಾತಾಡಿಸಿದರೇ, ಎಲ್ಲರಿಗೂ ಒಂದೇ ಅಳತೆ ಬಳಸಿದರೇ ಎಂಬುದರ ಮೇಲೆ ಜನ ಪೊಲೀಸರನ್ನು ಅಳೆಯುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದನ್ನು 60 ಉಸಿರಿನ ತಪಾಸಣಾ ಕಾರ್ಯಾಚರಣೆಗಳಲ್ಲಿ ಪರೀಕ್ಷಿಸಲಾಯಿತು. ಅರ್ಧದಷ್ಟು ಕಡೆ ಮಾಮೂಲಿ ತಪಾಸಣೆ, ಉಳಿದ ಕಡೆ ತಡೆದ ಕಾರಣ ವಿವರಿಸಿ, ಚಾಲಕರ ಅಭಿಪ್ರಾಯ ಕೇಳಿ, ಧನ್ಯವಾದ ಹೇಳಿ ಕಳಿಸುವ ರೀತಿ. ಎರಡನೆಯ ಗುಂಪಿನವರಲ್ಲಿ ಪೊಲೀಸರ ಬಗ್ಗೆ ಒಳ್ಳೆಯ ಅಭಿಪ್ರಾಯ ಹೆಚ್ಚಿತ್ತು. ಇದೇ ಪ್ರಯೋಗವನ್ನು 2013-14ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದಾಗ ಫಲಿತಾಂಶ ತಿರುಗುಮುರುಗಾಗಿ, ನಂಬಿಕೆ ತಗ್ಗಿದ್ದು ಕಂಡಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನ್ನಿಸುವುದಿಷ್ಟು: ಮೇಲಿನಿಂದ ಬಂದ ವಾಕ್ಯಗಳನ್ನು ಸಿಬ್ಬಂದಿ ಬಾಯಿಪಾಠ ಒಪ್ಪಿಸಿದರೆ ಸಾಲದು, ಇಲಾಖೆ ತನ್ನ ಸಿಬ್ಬಂದಿಯನ್ನು ಗೌರವದಿಂದ ನಡೆಸಿಕೊಂಡಾಗಲೇ ಅವರು ಜನರನ್ನು ಹಾಗೆ ನಡೆಸಿಕೊಳ್ಳಲು ಸಾಧ್ಯ.

ನಮ್ಮಲ್ಲಿ ಇದು ಮೊದಲು ಕಾಣುವುದು ಸಂಬೋಧನೆಯಲ್ಲಿ. ಕಾರಿನವರಿಗೆ "ಸರ್, ಡಿಎಲ್ ತೋರಿಸಿ" ಎನ್ನುವ ಅದೇ ಬಾಯಿ ಆಟೋದವರಿಗೆ, ಕೂಲಿಗೆ ಹೊರಟ ಬೈಕ್ ಸವಾರರಿಗೆ "ಏಯ್, ಗಾಡಿ ಸೈಡಿಗೆ ಹಾಕೋ" ಎಂದು ಏಕವಚನಕ್ಕೆ ಇಳಿಯುತ್ತದೆ. ಐನೂರು ರೂಪಾಯಿ ದಂಡವನ್ನು ಜನ ಮರೆಯುತ್ತಾರೆ, ಹೆಂಡತಿ ಮಕ್ಕಳ ಎದುರು ಆದ ಅವಮಾನವನ್ನು ಮರೆಯುವುದಿಲ್ಲ. ನಮಸ್ಕಾರ, ನನ್ನ ಹೆಸರು ಇದು, ಈ ಕಾರಣಕ್ಕೆ ತಡೆದೆ, ನಿಮ್ಮದೇನಾದರೂ ಹೇಳುವುದಿದೆಯೇ: ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ದೇಹಕ್ಕೆ ಅಳವಡಿಸಿದ ಕ್ಯಾಮೆರಾವನ್ನು ಚಾಲೂ ಇಡಿ. ಮರದ ಮರೆಯಲ್ಲಿ, ತಿರುವಿನಾಚೆ ನಿಲ್ಲಬೇಡಿ. ಕಾಣುವಂತೆ ನಿಂತರೆ ಅಪಘಾತವೂ ತಪ್ಪುತ್ತದೆ, ಗುರಿ ತುಂಬಿಸಲು ಹೊಂಚು ಹಾಕಿದ್ದಾರೆ ಎಂಬ ಮಾತೂ ತಪ್ಪುತ್ತದೆ.

ದೂರು ಕೊಡಬೇಕಾದಾಗ

ರಸ್ತೆಯಲ್ಲಿ ವಾದ ಗೆಲ್ಲಲು ಹೋಗಬೇಡಿ, ಮನೆಗೆ ಬಂದು ಅಂದೇ ಬರೆಯಿರಿ. ದಿನಾಂಕ, ಸಮಯ, ಸ್ಥಳ, ಅಧಿಕಾರಿಯ ಹೆಸರು ಅಥವಾ ಠಾಣೆ, ಆಡಿದ ಮಾತು, ಸಾಕ್ಷಿಗಳು ಇಷ್ಟನ್ನು ವಿಶೇಷಣಗಳಿಲ್ಲದೆ ಒಂದು ಪುಟದಲ್ಲಿ ಬರೆದು, ನಗರದಲ್ಲಾದರೆ ಸಂಚಾರ ವಿಭಾಗದ ಎಸಿಪಿ ಅಥವಾ ಡಿಸಿಪಿಗೆ, ಜಿಲ್ಲೆಯಲ್ಲಾದರೆ ಡಿವೈಎಸ್‌ಪಿ ಅಥವಾ ಎಸ್‌ಪಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹಲ್ಲೆ, ಅಕ್ರಮ ಬಂಧನದಂಥ ಗಂಭೀರ ವಿಷಯಗಳಿಗೆ ಪೊಲೀಸ್ ದೂರು ಪ್ರಾಧಿಕಾರವಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವಿರುದ್ಧದ ದೂರಿಗೆ ಜಿಲ್ಲಾ ಮಟ್ಟದಲ್ಲಿ, ಎಸ್‌ಪಿ ಮತ್ತು ಮೇಲಿನವರ ವಿರುದ್ಧದ ದೂರಿಗೆ ರಾಜ್ಯ ಮಟ್ಟದಲ್ಲಿ ಇಂಥ ಪ್ರಾಧಿಕಾರ ಇರಬೇಕೆಂದು ನಿರ್ದೇಶಿಸಿತು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಅರ್ಜಿ ಹಾಕಬಹುದು.

ಲಂಚದ ವಿಷಯವಾದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿದ ಮೇಲೆ ಆ ತನಿಖೆಗಳು ಅವರ ಕೈಗೆ ಮರಳಿವೆ. ರಸೀದಿ ಬೇಡ ಅರ್ಧ ಕೊಡಿ ಎಂಬ ಮಾತಿಗೆ ಒಪ್ಪಬೇಡಿ, ಏಕೆಂದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟಿದ್ದರೆ ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಯಾವ ದೂರೇ ಆಗಲಿ, ಅದರ ಕೊನೆಯಲ್ಲಿ ಒಂದು ಸಾಲು ತಪ್ಪದೆ ಸೇರಿಸಿ: ಆ ಸಮಯದ ಬಾಡಿ ಕ್ಯಾಮೆರಾ ಮತ್ತು ಸುತ್ತಲಿನ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಯ್ದಿರಿಸಬೇಕೆಂದು ಕೋರುತ್ತೇನೆ.